ಚಿಪ್ಪು ಬೆರೆತ ಗಾರೆ

ಏರುಬೀದಿಯ ನಲವತ್ತೊಂದನೇ ನಂಬರಿನೆದುರು
ಮೂರು ದಿನದಿಂದ ಡಾಂಬರು ಬೆವರುತ್ತಿತ್ತು.
ಗ್ರೀನಕ್ಕಿನಲ್ಲಿ ಒದ್ದೆ ನೆಲವನ್ನು ಯಾರು ಲೆಕ್ಕಕ್ಕಿಡುತ್ತಾರೆ?
ಇಲ್ಲಿ ಮಳೆ, ಬಾಡಿಗೆ ಕೊಡದ ಬಿಡಾರದವನ ಹಾಗೆ
ಯಾವಾಗ ನೋಡಿದರೂ ಮೆಟ್ಟಿಲ ಮೇಲೆ ಕೂತಿರುತ್ತದೆ.
ಆದರೆ ಮಳೆ ಬಿಟ್ಟ ಮಂಗಳವಾರವೂ
ನೀರು ಇಳಿಯುತ್ತಲೇ ಇತ್ತು. ಫೋನು ಬಂತು.

ಲಕ್ಲನ್ ಮೊದಲು ಕಿವಿಗೋಲು ಊರಿದ.
ಆಳುದ್ದದ ಬೀಚ್ ಮರ, ತುದಿಗೆ ಬಟ್ಟಲಿನಂಥ ಕಿವಿ,
ಅವನ ಮೇಸ್ತ್ರಿಗೆ ಆ ಮೇಸ್ತ್ರಿಯ ಮೇಸ್ತ್ರಿ ಕೊಟ್ಟದ್ದು.
ಕಂಪನಿಯ ಯಂತ್ರ ವ್ಯಾನಿನಲ್ಲೇ ಮಲಗಿತ್ತು.
ಒಂದು ಕಿವಿ ಮರಕ್ಕೆ, ಇನ್ನೊಂದಕ್ಕೆ ಅಂಗೈ, ಕಣ್ಣು ಮುಚ್ಚಿ
ಬಹಳ ಹೊತ್ತಿನ ಮೇಲೆ ಹೇಳಿದ:
"ಇಲ್ಲಿದ್ದಾಳೆ. ಪಿಸುಗುಡುತ್ತಿದ್ದಾಳೆ.
ಮೈತುಂಬ ಕಾಂಕ್ರೀಟು ಹೊದ್ದಿದ್ದಾಳೆ."

ಎರಕದ ಕಬ್ಬಿಣದ ಕೊಳವೆ, ನನ್ನ ಮುತ್ತಜ್ಜಿಗಿಂತ ಹಿರಿಯಳು.
ಡ್ರಿಲ್ಲು ಹಚ್ಚಿದರೆ ಗಾರೆ ಒಡೆಯುತ್ತದೆ, ನಿಜ,
ಆ ನಡುಕಕ್ಕೆ ಇವಳೂ ಬಿರಿಯುತ್ತಾಳೆ,
ಆಮೇಲೆ ಇಡೀ ಗುಡ್ಡಕ್ಕೆ ಚಹಾ ಇಲ್ಲ.
ಅದಕ್ಕೇ ನಾನು, ನನ್ನ ನಳಿಗೆ, ಸಾವಿರ ಬಾರ್ ಒತ್ತಡ.

ಮೊಣಕಾಲಿಗೆ ಕವಚ, ಪಾದಕ್ಕೆ ಕವಚ, ಮುಖಕ್ಕೆ ಜಾಲರಿ.
ನಾನು ಜಾರಿದರೆ ಒತ್ತಬೇಕಾದ ಬಟನ್ನಿನ ಮೇಲೆ
ಬೊಗ್ನಾಳ ಹೆಬ್ಬೆರಳು.
(ನಿನ್ನೆಯಿಂದ ನಮಗಿಬ್ಬರಿಗೂ ಮಾತಿಲ್ಲ.
ಹೆಬ್ಬೆರಳಿಗೆ ಅದು ಗೊತ್ತಿಲ್ಲ.)
ಸೂಜಿಗಣ್ಣಿನಷ್ಟು ರಂಧ್ರ. ಅಪ್ಪಿತಪ್ಪಿ ತಾಗಿದರೆ
ಬೂಟು, ಬೆರಳು ಎರಡೂ ಹೋದವು.
ಬೆಳಿಗ್ಗೆ ಇದೇ ನೀರಲ್ಲಿ ಬಾಯಿ ಮುಕ್ಕಳಿಸಿದ್ದೆ.

ಕಲ್ಲಿನ ತಂಟೆಗೆ ಹೋಗುವುದಿಲ್ಲ ಅದು.
ಕಲ್ಲುಕಲ್ಲಿನ ಸಂದಿಯಲ್ಲಿ ಕೂದಲೆಳೆ ಬಿರುಕು ಹುಡುಕಿ
ಒಳಹೊಕ್ಕು, ಒಳಗಿನಿಂದಲೇ ಒತ್ತುತ್ತದೆ.
ಸಿಮೆಂಟು ಹಾಲಾಗಿ ಹರಿಯಿತು.
ಜಲ್ಲಿ ಇಡಿಇಡಿಯಾಗಿ ಉರುಳಿತು,
ತೊಳೆದಿಟ್ಟ ಬಟಾಣಿಯ ಹಾಗೆ.

ಎರಡನೇ ಗೇಣಿಗೆ ಚಿಪ್ಪು ಬಂತು.
ಒಂದು, ಆಮೇಲೆ ಐದು, ಆಮೇಲೆ ಬೊಗಸೆ ಮೀರಿ.
ಗೆರೆಗೆರೆಯ ಕಪ್ಪೆಚಿಪ್ಪು, ನೀಲಿ ಬೆನ್ನಿನ ಪಚ್ಚಿಲೆ,
ಕಿರುಬೆರಳ ಉಗುರಿನಷ್ಟು ಒಂದು ಶಂಖದ ಮರಿ.
ಸಾವಿರ ಬಾರ್ ಮುಟ್ಟಿಯೂ ಮುಕ್ಕಾಗದ ಅಂಚು.
ಲಕ್ಲನ್ ಒಂದನ್ನೆತ್ತಿ ನೆಕ್ಕಿದ. ನೆಕ್ಕಬಾರದಿತ್ತು,
ಸಿಮೆಂಟಿನ ಖಾರ ನಾಲಿಗೆ ಸುಟ್ಟಿತು.
"ಕಡಲು," ಎಂದ, ಉಗಿಯುತ್ತ.

ನಲವತ್ತೊಂದರ ಮಿಸೆಸ್ ಗಿಲ್‌ಕ್ರಿಸ್ಟ್
ಬೆಳಿಗ್ಗೆಯಿಂದ ಕಿಟಕಿಯಲ್ಲಿ ನಮ್ಮ ಸದ್ದಿಗೆ ಶಾಪ ಹಾಕುತ್ತಿದ್ದವರು,
ಮನೆಯ ಮೆತ್ತನೆ ಚಪ್ಪಲಿಯಲ್ಲೇ ಇಳಿದು ಬಂದರು.
"ಅರವತ್ಮೂರರ ಚಳಿಗಾಲ. ಹಿಮಕ್ಕೆ ಲಾರಿ ಏರುತ್ತಿರಲಿಲ್ಲ,
ಮೇಲೆ ಕಂಟ್ರಾಕ್ಟರನಿಗೆ ಆತುರ.
ನಮ್ಮ ಆರ್ಚಿ ಮತ್ತಿಬ್ಬರು ಹುಡುಗರು, ರಾತ್ರಿ, ದಡದಿಂದ
ಕೈಗಾಡಿಯಲ್ಲಿ ಮರಳು ದೂಡಿ ತಂದರು. ಗಾಡಿಗೆ ಆರು ಪೆನ್ನಿ.
ಆ ದುಡ್ಡಲ್ಲಿ ನನಗೆ ಬೂಟು ಕೊಡಿಸಿದ.
ಒಂದು ಚಳಿಗಾಲಕ್ಕೇ ಕಿತ್ತುಹೋದವು."
ನಕ್ಕರು. ಚಿಪ್ಪೊಂದನ್ನು ಸೆರಗಿನಂಥ ಏಪ್ರನ್ನಿಗೆ ಒರೆಸಿದರು.

ಕಡಲ ಮರಳಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ,
ಅರವತ್ತು ವರ್ಷ, ಅವಸರವಿಲ್ಲದೆ,
ಹಲ್ಲಿಲ್ಲದವರು ರೊಟ್ಟಿ ನೆನೆಸಿ ತಿನ್ನುವ ಹಾಗೆ.
ಹೇಳಲು ಬಾಯಿ ತೆರೆದೆ.
ಬೊಗ್ನಾ ನನ್ನನ್ನೇ ನೋಡಿದಳು. ಮುಚ್ಚಿದೆ.
ವರದಿಯಲ್ಲಿ ಲಕ್ಲನ್ ಬರೆದ:
ಸೋರಿಕೆಗೆ ಕಾರಣ, ವಯಸ್ಸು.

ಕೊಳವೆ ಕಂಡಿತು, ಕಪ್ಪಗೆ, ನಾಚಿಕೆಯಿಲ್ಲದೆ.
ಪಕ್ಕೆಯಲ್ಲಿ ತುಕ್ಕಿನ ಗುಳಿ, ಗುಳಿಯಲ್ಲಿ ಸಾಸಿವೆಯಷ್ಟು ತೂತು,
ಅಲ್ಲಿಂದೊಂದು ಬೆಳ್ಳಿಯ ಎಳೆ ನನ್ನ ಜಾಲರಿಗೇ ಹಾರಿತು.
ನನ್ನ ನಳಿಗೆಯ ತಂಗಿ! ನಗು ತಡೆಯಲಾಗಲಿಲ್ಲ.
ಪಟ್ಟಿ ಸುತ್ತಿ, ನಟ್ಟು ಬಿಗಿದೆವು.
ಬಿಳಿ ಕೆಸರನ್ನು ಟ್ಯಾಂಕರು ಹೀರಿಕೊಂಡಿತು,
ಚರಂಡಿಗೆ ಬಿಟ್ಟರೆ ಕೆಳಗೆ ಮೀನು ಸಾಯುತ್ತವೆ.

ಲಕ್ಲನ್ ಮತ್ತೆ ಕೋಲು ಊರಿದ.
"ಏನಾದರೂ?" ಎಂದೆ.
"ಏನೂ ಇಲ್ಲ," ಎಂದ. ಎಂದವನು
ಕಿವಿ ತೆಗೆಯದೆ ನಿಂತೇ ಇದ್ದ.
ಬೊಗ್ನಾ ಹಾರ್ನ್ ಹೊಡೆದಳು.
ನಾಲ್ಕೂವರೆಗೆ ಇನ್ನೊಂದು ಬೀದಿ.